ಜಾಗ ಸಿಗದ ಹಳದಿ ಚೀಟಿ

ಎಲ್ಲಕ್ಕೂ ಮೂಲ ಒಂದು ಕಟ್ಟು ಹಳದಿ ಚೀಟಿ. ಹಿಂಬದಿಗೆ ಅಂಟು ಇರುವಂಥವು, ಆಫೀಸಿನವರು ಕಂಪ್ಯೂಟರಿಗೆ ಮೆತ್ತುತ್ತಾರಲ್ಲ, ಅಂಥವು. ನಾಸಿಕದ ಪಂಚವಟಿಯ ಆ ಎರಡು ಕೋಣೆಯ ಮನೆಯಲ್ಲಿ ಒಂದು ವಾರದಿಂದ ಚೀಟಿ ಅಂಟಿಸಿಕೊಳ್ಳದೆ ಉಳಿದವರು ಇಬ್ಬರೇ: ದೇವರು ಮತ್ತು ನಾಗಮ್ಮ. ದೇವರಿಗೆ ಅಂಟಿಸಲು ವೈಜನಾಥನಿಗೆ ಭಕ್ತಿ ಅಡ್ಡ ಬಂತು, ಹೆಂಡತಿಗೆ ಅಂಟಿಸಲು ಧೈರ್ಯ ಸಾಲಲಿಲ್ಲ.

ಫ್ಯಾನಿನ ಸ್ವಿಚ್ಚಿನ ಮೇಲೆ ‘ಟರ್ನ್ ಆನ್’. ಅಂಗಿ ತೂಗುಹಾಕುವ ಗೂಟದ ಮೇಲೆ ‘ಪುಟ್ ಆನ್’. ಹಳೆಯ ಪೇಪರುಗಳ ಕಟ್ಟಿನ ಮೇಲೆ ‘ಥ್ರೋ ಅವೇ’. ಎದುರು ಮನೆಯಿಂದ ಕಡ ತಂದ ಇಡ್ಲಿ ಪಾತ್ರೆಯ ಮೇಲೆ ‘ಗಿವ್ ಬ್ಯಾಕ್’. ಸರ್ಟಿಫಿಕೇಟುಗಳ ಫೈಲಿದ್ದ ಚೀಲದ ಮೇಲೆ ‘ಟೇಕ್ ಕೇರ್ ಆಫ್’. ಹೀಗೆ ಸುಮಾರು ನಲವತ್ತು.

ವೈಜನಾಥ ಭಾಲ್ಕಿ ಕಡೆಯವನು. ಸಾತಪುರದ ಒಂದು ಪಂಪಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಫಿಟ್ಟರ್. ಪಂಪಿನ ಸದ್ದು ಕೇಳಿಯೇ ಅದರ ರೋಗ ಹೇಳುತ್ತಿದ್ದ. ಈಗ ಕಂಪನಿಯವರು ಛತ್ರಪತಿ ಸಂಭಾಜಿನಗರದಲ್ಲಿ ಹೊಸ ಘಟಕ ತೆರೆದಿದ್ದರು. ನೋಟಿಸು ಸ್ಪಷ್ಟವಾಗಿತ್ತು: ಇಂಗ್ಲಿಷ್ ಸಂದರ್ಶನದಲ್ಲಿ ಪಾಸಾದವರು ಸೂಪರ್‌ವೈಸರ್ ಆಗಿ ನಾಸಿಕದಲ್ಲೇ ಉಳಿಯುತ್ತಾರೆ, ಉಳಿದ ನಲವತ್ತು ಮಂದಿ ಸಂಭಾಜಿನಗರಕ್ಕೆ.

ಸಂಭಾಜಿನಗರದ ಮೇಲೆ ವೈಜನಾಥನಿಗೆ ಯಾವ ಸಿಟ್ಟೂ ಇರಲಿಲ್ಲ. ಒಳ್ಳೆಯ ಊರು. ಆದರೆ ಆ ಊರಲ್ಲಿ ನಾಗಮ್ಮನ ಅಣ್ಣ ಶಿವಕಾಂತ ಇದ್ದ. ಹತ್ತಿರದ ಸಿಲ್ಲೋಡಿನಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡಿ, ನಗರದಲ್ಲಿ ದೊಡ್ಡ ಮನೆ ಕಟ್ಟಿದ್ದ. ಆ ಮನೆಯಲ್ಲಿ ಒಂದು ಖಾಲಿ ಕೋಣೆಯೂ ಇತ್ತು. ಬೆಳಿಗ್ಗೆ ನಾಲ್ಕಕ್ಕೆ ಶಂಖ ಊದಿ ನೆಂಟರನ್ನು ಎಬ್ಬಿಸುತ್ತಿದ್ದ. ಎದ್ದವರಿಗೆ ಹಾಗಲಕಾಯಿ ರಸ ಕುಡಿಸುತ್ತಿದ್ದ. ಕುಡಿದವರಿಗೆ, ತಾನು ಬರಿಗಾಲಲ್ಲಿ ಸಿಲ್ಲೋಡಿಗೆ ಬಂದ ಕತೆ ಹೇಳುತ್ತಿದ್ದ. ಹೋದ ದೀಪಾವಳಿಯ ಮೂರು ದಿನದಲ್ಲಿ ವೈಜನಾಥ ಆ ಕತೆಯನ್ನು ಏಳು ಸಲ ಕೇಳಿದ್ದ. ಏಳನೆಯ ಸಲ ಶಿವಕಾಂತ ಒಂದು ಕಡೆ ಮರೆತಾಗ ಮುಂದಿನದನ್ನು ಇವನೇ ಹೇಳಿಕೊಟ್ಟಿದ್ದ.

“ಫೇಲಾದ್ರ ಏನಾತ್ರಿ?” ನಾಗಮ್ಮ ಹೇಳಿದ್ದಳು. “ನಮ್ಮಣ್ಣನ ಮನಿ ಅದಲ್ಲ!”

ಅದೇ ಮಾತು ಕೇಳಿ ವೈಜನಾಥ ಆ ರಾತ್ರಿಯೇ ಮಗಳು ಅನುರಾಧಾಳ ಮುಂದೆ ಪಾಟಿ ಹಿಡಿದು ಕೂತಿದ್ದು.

ಅನುರಾಧಾ ಹುಟ್ಟಿ ಬೆಳೆದದ್ದು ನಾಸಿಕದಲ್ಲಿ. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಆಡುವಾಗ ನಾಲ್ಕು ಭಾಷೆ ಬೇಕಾಗುತ್ತಿತ್ತು, ‘ಆದರೆ’ ಎನ್ನಲು ಮರಾಠಿಯ ‘ಪಣ್’ ಬರುತ್ತಿತ್ತು. “ಪಪ್ಪಾ, ‘ಪುಟ್’ ಅಂದ್ರ ಇಡೋದು. ಪಣ್ ‘ಪುಟ್ ಆನ್’ ಅಂದ್ರ ಹಾಕ್ಕೊಳ್ಳೋದು. ‘ಪುಟ್ ಆಫ್’ ಮುಂದೂಡೋದು. ‘ಪುಟ್ ಔಟ್’ ಆರಿಸೋದು. ಸಣ್ಣ ಶಬ್ದ ಬದಲಾದ್ರ ಅರ್ಥಾನ ಬದಲ್.”

“ಅಂದ್ರ ಗಂಡ ಒಬ್ಬನ, ಕಟ್ಟಿಕೊಂಡಾಕಿ ಹ್ಯಾಂಗಿರ್ತಾಳೋ ಹಂಗ ನಡೀತಾನ.”

“ಬರೋಬರ್! ಈಗ ವಸ್ತು. ಪುಟ್ ಆನ್ ದ ಶರ್ಟ್ ಅನ್ನಬಹುದು, ಪುಟ್ ದ ಶರ್ಟ್ ಆನ್ ಅಂದ್ರೂ ಚಾಲತಂ, ನಡೀತದ. ಪಣ್ ‘ಇಟ್’ ಬಂದ್ರ ನಡುವನ ಬರಬೇಕು. ಪುಟ್ ಇಟ್ ಆನ್.”

ವೈಜನಾಥ ಕಣ್ಣು ಮುಚ್ಚಿ ಯೋಚಿಸಿದ. ಕ್ರಿಯೆಗೆ ಸಂಬಂಧಿಸಿದ ವ್ಯಾಕರಣ ಅವನ ತಲೆಯ ಹೊಸ್ತಿಲಲ್ಲೇ ನಿಂತಿತ್ತು, ಸಂಸಾರದ ವೇಷ ಹಾಕಿಕೊಂಡು ಬಂದಾಗ ಒಳಗೆ ಬಂತು. “ತಿಳೀತವ್ವ. ವಸ್ತು ಅಂದ್ರ ಮನಿಗೆ ಬಂದ ಬೀಗರು. ಗಂಡ ಹೆಂಡತಿ ನಡುವ ಕುಂತ್ರೂ ನಡೀತದ, ಬಾಜೂಕ ಕುಂತ್ರೂ ನಡೀತದ. ‘ಇಟ್’ ಅಂದ್ರ ಕೂಸು. ಕೂಸು ನಡುವನ ಮಲಗಬೇಕು. ಇಲ್ಲಾಂದ್ರ ಮಂಚದಿಂದ ಬೀಳ್ತದ.”

ಅನುರಾಧಾ ನಕ್ಕೂ ನಕ್ಕೂ ಸುಸ್ತಾದಳು. ಆಮೇಲೆ ಚೀಟಿಗಳನ್ನು ಕೊಟ್ಟಳು. ಕ್ರಿಯೆ ಬರೆದ ಚೀಟಿಯನ್ನು ಅದರ ವಸ್ತುವಿಗೇ ಅಂಟಿಸು, ದಿನಾ ಕಣ್ಣಿಗೆ ಬಿದ್ದರೆ ಎರಡೂ ಜೋಡಿಯಾಗಿಯೇ ನೆನಪಿರುತ್ತವೆ ಎಂಬುದು ಅವಳ ಉಪಾಯ.

ಉಪಾಯ ಚೆನ್ನಾಗಿಯೇ ನಡೆಯಿತು. ಒಂದು ಚೀಟಿ ಮಾತ್ರ ಕೈಯಲ್ಲೇ ಉಳಿಯಿತು: ‘ಪುಟ್ ಅಪ್ ವಿತ್’. ಸಹಿಸಿಕೋ ಎಂದು ಅರ್ಥ.

“ಇದು ಮೂರು ಶಬ್ದದ್ದು ಪಪ್ಪಾ. ಇದರ ನಡುವ ಯಾರೂ ಬರಂಗಿಲ್ಲ. ವಸ್ತು ಕಡೀಕ ಬರ್ತದ.”

“ಗಂಡ, ಹೆಂಡತಿ, ಅತ್ತಿ ಮೂವರೂ ಒಂದೇ ಮಂಚದ ಮ್ಯಾಲ. ಕೂಸೂ ಹೊರಗ,” ಎಂದ ವೈಜನಾಥ. ಆದರೆ ಅಂಟಿಸುವುದೆಲ್ಲಿ? ಚೀಟಿ ಹಿಡಿದು ಮನೆಯೆಲ್ಲ ತಿರುಗಿದ. ಸಹಿಸಿಕೊಳ್ಳುವಂಥ ವಸ್ತು ಯಾವುದೂ ಕಾಣಲಿಲ್ಲ. ಕಣ್ಣು ಒಂದು ಕ್ಷಣ ನಾಗಮ್ಮನ ಮೇಲೆ ನಿಂತಿತು. ಅವಳು ಲಟ್ಟಣಿಗೆ ಎತ್ತಿದಳು. ಚೀಟಿ ಮೇಜಿನ ಮೂಲೆಯಲ್ಲಿ ಅನಾಥವಾಗಿ ಬಿದ್ದುಕೊಂಡಿತು.

ಸಂದರ್ಶನದ ದಿನ ಬಂತು. ಶನಿವಾರ, ಹನ್ನೊಂದೂವರೆಗೆ. ವೈಜನಾಥ ಇಸ್ತ್ರಿ ಅಂಗಿಯನ್ನು ಗೂಟಕ್ಕೆ ಹಾಕಿ, ಅದರ ಕೆಳಗೆ ಫೈಲಿನ ಚೀಲ ಇಟ್ಟು, ಒಂಬತ್ತಕ್ಕೆ ಗಡ್ಡ ಮಾಡಿಸಲು ಹೋದ. ಅನುರಾಧಾ ಕಾಲೇಜಿಗೆ ಹೊರಟುಹೋಗಿದ್ದಳು. ಮನೆಗೆಲಸದ ರಾಧಾಬಾಯಿ ನೆಲ ಒರೆಸಿದಳು. ನೆಲ ಬೇಗ ಒಣಗಲಿ ಎಂದು ನಾಗಮ್ಮ ಫ್ಯಾನನ್ನು ಐದಕ್ಕೆ ತಿರುಗಿಸಿ, ಮೆಣಸಿನಕಾಯಿ ಒಣಹಾಕಲು ಮಾಳಿಗೆಗೆ ಹೋದಳು.

ವಾರದ ಹಳೆಯ ಅಂಟು. ಗಾಳಿ ಬಡಿದದ್ದೇ ತಡ, ಚೀಟಿಗಳು ಬೇಸಿಗೆಯ ಬೇವಿನೆಲೆಯ ಹಾಗೆ ಒಂದೊಂದಾಗಿ ಉದುರಿದವು.

ಇನ್ನೊಬ್ಬಳಾಗಿದ್ದರೆ ಗುಡಿಸಿ ಹೊರಗೆ ಹಾಕುತ್ತಿದ್ದಳು. ರಾಧಾಬಾಯಿ ಅಂಥವಳಲ್ಲ. ಅಕ್ಷರವಿದ್ದ ಕಾಗದವೆಂದರೆ ಅವಳಿಗೆ ಸರಸ್ವತಿ. ಅಪ್ಪಿತಪ್ಪಿ ಕಾಲು ತಗಲಿದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ನಲವತ್ತು ಸರಸ್ವತಿಯರು ಒದ್ದೆ ನೆಲದಲ್ಲಿ ಬಿದ್ದಿರುವುದನ್ನು ನೋಡಿ ಅವಳ ಜೀವ ಹೌಹಾರಿತು. ಒಂದೊಂದನ್ನೂ ಆರಿಸಿ, ಸೆರಗಿನಲ್ಲಿ ಒರೆಸಿ, ಕಣ್ಣಿಗೊತ್ತಿಕೊಂಡಳು. ಅಂಟು ಹೋಗಿತ್ತಲ್ಲ, ಅಡುಗೆಮನೆಯಲ್ಲಿ ಚಪಾತಿಗೆ ನಾದಿಟ್ಟ ಕಣಕದಿಂದ ಚೂರು ಚೂರು ಮುರಿದು, ನೀರು ಹಚ್ಚಿ ಮಿದ್ದು, ಮತ್ತೆ ಅಂಟಿಸಿದಳು. ಎಲ್ಲಿ ಯಾವುದಿತ್ತು? ಎಲ್ಲ ಒಂದೇ ಬಣ್ಣ, ಒಂದೇ ಅಳತೆ, ಓದಲು ಅವಳಿಗೆ ಬಾರದು. ದೇವಿ ಎಲ್ಲಿ ಕೂತರೂ ದೇವಿಯೇ ಎಂದು ಕೈಗೆ ಸಿಕ್ಕಲ್ಲಿ ಕೂರಿಸಿದಳು. ಮೇಜಿನ ಮೂಲೆಯ ಅನಾಥ ಚೀಟಿಯನ್ನೂ ಬಿಡಲಿಲ್ಲ.

ಅಷ್ಟರಲ್ಲಿ ಎದುರು ಮನೆಯ ಬಾಲಕೃಷ್ಣರು ಬಂದರು. ಮೈಸೂರಿನವರು, ಓಝರಿನ ವಿಮಾನ ಕಾರ್ಖಾನೆಯಿಂದ ನಿವೃತ್ತರು. ದಿನಾ ಈ ಹೊತ್ತಿಗೆ ಇವರ ಮನೆಯ ಪೇಪರ್ ಓದಲು ಬರುವುದು ಅವರ ಪದ್ಧತಿ. ಅವರು ಕೂರುವುದಕ್ಕೂ ಕೆಳಗೆ ಓಣಿಯಲ್ಲಿ “ರದ್ದೀಯ್” ಎಂಬ ಹಳೆ ಪೇಪರ್ ಕೊಳ್ಳುವವನ ಕೂಗಿಗೂ ಸರಿಹೋಯಿತು. ನೆರೆಯವರಿಗೆ ಉಪಕಾರ ಮಾಡುವ ಅವಕಾಶವನ್ನು ಬಾಲಕೃಷ್ಣರು ಎಂದೂ ಬಿಟ್ಟವರಲ್ಲ.

ನುಣ್ಣನೆಯ ಗಲ್ಲ ಸವರಿಕೊಳ್ಳುತ್ತ ವೈಜನಾಥ ಮನೆಗೆ ಬಂದಾಗ ಹತ್ತು ಗಂಟೆ. ಗೂಟದ ಕೆಳಗೆ ಚೀಲವಿರಲಿಲ್ಲ.

“ಬಾಲಕೃಷ್ಣರೇ, ಇಲ್ಲಿ ಒಂದು ಚೀಲ ಇತ್ತಲ್ರಿ?”

“ರದ್ದಿಯವನಿಗೆ ಕೊಟ್ಟೆ,” ಎಂದರು ಬಾಲಕೃಷ್ಣರು ಪೇಪರಿನಿಂದ ತಲೆಯೆತ್ತದೆ. “ಥ್ಯಾಂಕ್ಸ್ ಎಲ್ಲಾ ಬೇಡ.”

“ಯಪ್ಪಾ! ಅದರಾಗ ನನ್ನ ಇಪ್ಪತ್ತೆರಡು ವರ್ಷ ಇತ್ತಲ್ರಿ!”

“ಹಾಗಿದ್ರೆ ಅದರ ಮೇಲೆ ‘ಥ್ರೋ ಅವೇ’ ಅಂತ ಯಾಕ್ರೀ ಅಂಟಿಸಿದ್ರಿ? ಮೂವತ್ತೈದು ವರ್ಷ ವಿಮಾನದ ಲೇಬಲ್ ಓದಿದವನು ಸ್ವಾಮಿ ನಾನು. ಲೇಬಲ್ ಏನು ಹೇಳತ್ತೋ ಅದನ್ನ ಮಾಡ್ಬೇಕು. ನೋಡಿ, ಆ ಪೇಪರ್ ಕಟ್ಟಿನ ಮೇಲೆ ‘ಟೇಕ್ ಕೇರ್ ಆಫ್’ ಅಂತಿತ್ತು. ಮುಟ್ಟಲೇ ಇಲ್ಲ. ಧೂಳು ಒರೆಸಿ ಒಳಗಿಟ್ಟಿದ್ದೀನಿ.”

ಆರು ತಿಂಗಳ ಹಳೆಯ ಪೇಪರುಗಳು ಕಪಾಟಿನೊಳಗೆ ಹೊಸ ಸೀರೆಗಳ ಹಾಗೆ ಕೂತಿದ್ದವು.

ಮಾಳಿಗೆಯಿಂದ ಇಳಿದ ನಾಗಮ್ಮ ಅಡುಗೆಮನೆಯಿಂದಲೇ ಕಿರುಚಿದಳು. “ನನ್ನ ಹೊಸಾ ಕುಕ್ಕರ್ ಎಲ್ಲಿಗಿ ಹೋಯ್ತ್ರೀ?”

“ಅದು ‘ಗಿವ್ ಬ್ಯಾಕ್’ ಅಂತಿತ್ತಮ್ಮ. ನಮ್ಮನೇದೇ ಇರಬೇಕು ಅಂತ ನಮ್ಮಾಕೆ ಸುಭದ್ರಾಗೆ ಕೊಟ್ಟು ಬಂದೆ. ಅವಳಾಗಲೇ ಬೇಳೆಗೆ ಇಟ್ಟಿದ್ದಾಳೆ,” ಎಂದರು ಬಾಲಕೃಷ್ಣರು.

ಕುಕ್ಕರಿನ ವ್ಯಾಜ್ಯ ಕೇಳಲು ವೈಜನಾಥನಿಗೆ ಪುರಸತ್ತಿರಲಿಲ್ಲ. ಇಸ್ತ್ರಿ ಅಂಗಿಯನ್ನು ಸೆಳೆದು ತೊಟ್ಟು, ಗುಂಡಿ ಹಾಕುತ್ತಲೇ ಮೆಟ್ಟಿಲಿಳಿದ. ಕೆಳಗೆ ಪಾತ್ರೆ ತೊಳೆಯುತ್ತಿದ್ದ ರಾಧಾಬಾಯಿ, ಗಾಳಿಗೆ ಬಿದ್ದ ಚೀಟಿಗಳನ್ನೆಲ್ಲ ತಾನೇ ಎತ್ತಿ ಅಂಟಿಸಿದ್ದನ್ನು ಹೇಳಿ, ಅವನ ಹಿಂದಿನಿಂದ ಮೆಚ್ಚುಗೆಯಿಂದ ಕೂಗಿದಳು. “ದಾದಾ, ಛಾನ್ ದಿಸತಾಯ್!”

ಚೆನ್ನಾಗಿ ಕಾಣುತ್ತಿದ್ದೀರಿ ಎಂದಳಲ್ಲ, ಒಳ್ಳೆಯ ಶಕುನ ಅಂದುಕೊಂಡ.

ಆ ಕಡೆಯ ರದ್ದಿಯೆಲ್ಲ ಸೇರುವ ಅಂಗಡಿ ಮೂರು ಓಣಿ ಆಚೆ. ಶನಿವಾರದ ಯಾತ್ರಿಕರು, ಹೂವಿನವರು, ಅಡ್ಡ ನಿಂತ ಆಟೋಗಳು. ಇವರೆಲ್ಲರ ನಡುವೆ ವೈಜನಾಥ ಮೊಣಕೈ ಮುಂದೆ ಮಾಡಿ ಓಡಿದ. ಅಂಗಡಿಯ ರವಿಕಾಂತ ತೂಕಕ್ಕೆ ಬಂದ ಪುಸ್ತಕಗಳನ್ನೇ ಓದಿ ಬಿ.ಎ. ಪಾಸು ಮಾಡಿದವನು, ಅದರ ಗರ್ವವೂ ಇತ್ತು. ವೈಜನಾಥ ಹೇಳದೆ ಕೇಳದೆ ರದ್ದಿಯ ಗುಡ್ಡದೊಳಗೆ ಸೊಂಟದವರೆಗೆ ಹೊಕ್ಕು ಅಗೆಯತೊಡಗಿದ.

“ಓ ಕಾಕಾ! ಬೆಳಿಗ್ಗೆಯಿಂದ ಜೋಡಿಸಿಟ್ಟದ್ದು ಅದು! ಏಳಿ ಮೇಲೆ, ಇಲ್ಲವಾದರೆ...” ಎಂದು ಮರಾಠಿಯಲ್ಲಿ ಗುಡುಗುತ್ತ ಬಂದ ರವಿಕಾಂತ, ಬಗ್ಗಿದ್ದ ವೈಜನಾಥನ ಹಿಂದೆ ಬಂದು ಯಾಕೋ ಗಪ್ಪನೆ ನಿಂತ. ಅವನ ದನಿ ಬೆಣ್ಣೆಯಾಯಿತು. “ಇರಲಿ ಕಾಕಾ. ಸಾವಕಾಶ ಹುಡುಕಿ. ಚಹಾ ತರಿಸಲೇ?”

ವೈಜನಾಥನಿಗೆ ಆಶ್ಚರ್ಯವಾಯಿತು. ನಾಸಿಕದವರು ಸಿಡುಕರು ಎಂದು ಯಾರು ಹೇಳಿದ್ದು!

ಫೈಲಿನ ಪ್ಲಾಸ್ಟಿಕ್ ಹೊದಿಕೆ ಸಿಕ್ಕಿತು. ಒಳಗೆ ಏನೂ ಇರಲಿಲ್ಲ.

“ಗಟ್ಟಿ ಕಾಗದವಾ?” ರವಿಕಾಂತ ಇನ್ನೂ ಮೆತ್ತಗೆ ಹೇಳಿದ. “ಅದು ಈಗಷ್ಟೇ ನದಿ ಕಡೆಯ ಭಾಗ್ಯಶ್ರೀ ತಾಯಿಯ ವಡಾಪಾವ್ ಗಾಡಿಗೆ ಹೋಯಿತು. ಗಟ್ಟಿ ಕಾಗದಕ್ಕೆ ಎಣ್ಣೆ ಇಳಿಯುವುದಿಲ್ಲ ನೋಡಿ.”

ಗೋದಾವರಿಯ ಮೆಟ್ಟಿಲ ಬಳಿ ಗಾಡಿಯ ಮುಂದೆ ಯಾತ್ರಿಕರ ದೊಡ್ಡ ಗುಂಪು. ದಪ್ಪ ಮೀಸೆಯ ಒಬ್ಬ ಯಾತ್ರಿಕನ ಅಂಗೈಯಲ್ಲಿ ವೈಜನಾಥನ ಐಟಿಐ ಸರ್ಟಿಫಿಕೇಟು ಹಬೆಯಾಡುತ್ತಿತ್ತು. ಅದರ ಮೇಲೆ ಎರಡು ಬಿಸಿ ವಡೆ, ಪಕ್ಕದಲ್ಲಿ ಬೆಳ್ಳುಳ್ಳಿ ಚಟ್ನಿ. ‘ಪ್ರಥಮ ದರ್ಜೆ’ ಎಂಬುದರ ಮೇಲೆ ಒಂದು ಹಸಿಮೆಣಸಿನಕಾಯಿ ಮಲಗಿತ್ತು.

“ಭಾಯಿಸಾಬ್, ಆ ಕಾಗದ ನನಗೆ ಬೇಕು!”

“ನನ್ನ ವಡೆ ಕಿತ್ತುಕೊಳ್ಳುತ್ತೀಯಾ? ನಾನೇನು ಪುಕ್ಕಟೆ ತಿನ್ನುತ್ತಿದ್ದೇನೆಯೇ?” ಯಾತ್ರಿಕ ಹಿಂದಿಯಲ್ಲಿ ಅಬ್ಬರಿಸಿದ. ಜನ ಸೇರಿದರು. ಅಷ್ಟರಲ್ಲಿ ಗಾಳಿಗೆ ಗಾಡಿಯ ಮೇಲಿನಿಂದ ಅವನ ಅನುಭವ ಪತ್ರ ಹಾರಿತು. ವೈಜನಾಥ ತಿರುಗಿ, ಬಗ್ಗಿ, ಅದನ್ನು ಚಪ್ಪಲಿಗಳ ನಡುವಿನಿಂದ ಹಿಡಿದ. ಎದ್ದು ನೋಡಿದರೆ ಯಾತ್ರಿಕನ ಮುಖದ ಮೇಲೆ ಸಾಕ್ಷಾತ್ ಕರುಣೆ ಕುಣಿಯುತ್ತಿತ್ತು. ಸರ್ಟಿಫಿಕೇಟನ್ನು ಕೊಟ್ಟ. ಮೇಲಿನ ಒಂದು ವಡೆಯನ್ನೂ ಅವನ ಬಾಯಿಗಿಟ್ಟ.

“ತಿನ್ನು ತಮ್ಮಾ. ಮನೆಯವರು ಹೀಗೆ ಬರೆದು ಕಳಿಸಿದ್ದಾರೆಂದರೆ ನಿನ್ನ ಕಷ್ಟ ನಿನಗೇ ಗೊತ್ತು.”

ಬಾಯಲ್ಲಿ ಬಿಸಿ ವಡೆ ಇದ್ದದ್ದರಿಂದ ವೈಜನಾಥನಿಗೆ ‘ಏನು ಬರೆದು?’ ಎಂದು ಕೇಳಲಾಗಲಿಲ್ಲ. ಭಾಗ್ಯಶ್ರೀ ಉಳಿದ ಕಾಗದಗಳನ್ನು ಹುಡುಕಿ ಕೊಟ್ಟಳು. ಅವನು ಆಟೋ ಹತ್ತಿದ.

ಕಾರ್ಖಾನೆಗೆ ತಲುಪಿದಾಗ ಹನ್ನೆರಡಕ್ಕೆ ಐದು ನಿಮಿಷ. ತಡವಾದರೆ ಮಂತ್ರಿಯನ್ನೂ ಒಳಗೆ ಬಿಡದ ಗೇಟಿನ ಮನೋಜ, “ಇವತ್ತು ಆಗಲ್ಲ, ವಾಪಸ್ ಹೋಗಿ,” ಎಂದ. ವೈಜನಾಥ ಹತಾಶನಾಗಿ ಹಿಂದಿರುಗಿ ಎರಡು ಹೆಜ್ಜೆ ಇಟ್ಟಿದ್ದ, ಅಷ್ಟೇ. “ಏ ಕಾಕಾ, ಬನ್ನಿ ಬನ್ನಿ,” ಎಂದು ಮನೋಜ ನಗು ನುಂಗುತ್ತ ಗೇಟು ತೆರೆದ. ದೇವರು ಎದ್ದು ಕೆಲಸ ಮಾಡುತ್ತಿದ್ದಾನೆ ಎಂದು ವೈಜನಾಥನಿಗೆ ಖಾತ್ರಿಯಾಯಿತು.

ಒಳಗೆ ಮೂವರು ಕೂತಿದ್ದರು. ನಡುವಿನವರು ಪುಣೆಯ ಹೆಡ್ ಆಫೀಸಿನ ಹರಿಪ್ರಿಯಾ ಮೇಡಂ. ಗಡಿಯಾರ ನೋಡಿದರು, ಅವನನ್ನು ನೋಡಿದರು. “ಇಪ್ಪತ್ತೈದು ನಿಮಿಷ ತಡ. ಇನ್ನು ಸಂದರ್ಶನ ಇಲ್ಲ,” ಎಂದರು ಇಂಗ್ಲಿಷಿನಲ್ಲಿ.

ವೈಜನಾಥ ತಲೆಬಾಗಿ ಬಾಗಿಲಿನತ್ತ ತಿರುಗಿದ. ಬಾಗಿಲಿನಲ್ಲಿ ಅವನಿಗೆ ಮನೆ ಕಾಣಲಿಲ್ಲ, ಒಂದು ಲೋಟ ಹಾಗಲಕಾಯಿ ರಸ ಕಂಡಿತು.

ಹಿಂದಿನಿಂದ ಮೂವರೂ ಕೆಮ್ಮಿದ ಹಾಗಾಯಿತು.

“ನಿಲ್ಲಿ,” ಮೇಡಂ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಿದ್ದರು. “ಕೂತುಕೊಳ್ಳಿ. ಯಾಕೆ ತಡವಾಯಿತು, ಹೇಳಿ.”

‘ಮೈ ನೇಮ್ ಈಸ್’ ಎಂದು ಶುರುವಾಗುವ ಬಾಯಿಪಾಠ ಒಂದು ವಾರದಿಂದ ಸಿದ್ಧವಿತ್ತು. ಅದು ಹೊರಗೆ ಬರಲಿಲ್ಲ. ಬೆಳಗಿನ ಸಂಕಟ ಹೊರಗೆ ಬಂತು, ಅದೂ ಇಂಗ್ಲಿಷಿನಲ್ಲಿ. ಗಾಳಿ ‘ಬ್ಲ್ಯೂ ದೆಮ್ ಆಫ್’. ರಾಧಾಬಾಯಿ ‘ಪಿಕ್ಡ್ ದೆಮ್ ಅಪ್’. ಬಾಲಕೃಷ್ಣರು ‘ಗೇವ್ ಇಟ್ ಅವೇ’. ರದ್ದಿಯವನು ‘ಟುಕ್ ಇಟ್ ಅವೇ’. ಯಾತ್ರಿಕ ವಡೆಯ ಸಮೇತ ‘ಗೇವ್ ಇಟ್ ಬ್ಯಾಕ್’. ಕೂಸುಗಳೆಲ್ಲ ಶಿಸ್ತಾಗಿ ನಡುವೆ ಮಲಗಿದವು. ಒಂದೂ ಮಂಚದಿಂದ ಬೀಳಲಿಲ್ಲ. ಕೊನೆಗೆ ಸಾಕ್ಷಿಯೆಂಬಂತೆ ಐಟಿಐ ಸರ್ಟಿಫಿಕೇಟನ್ನು ಮೇಜಿನ ಮೇಲಿಟ್ಟ. ಕೋಣೆಯ ತುಂಬ ಬೆಳ್ಳುಳ್ಳಿ ಚಟ್ನಿಯ ವಾಸನೆ ಹರಡಿ, ಊಟದ ಹೊತ್ತಿನ ಮೂವರ ಗಂಟಲೂ ಒಮ್ಮೆಗೇ ಅಲುಗಾಡಿತು.

“ಇಷ್ಟು ಸರಾಗವಾದ ಇಂಗ್ಲಿಷನ್ನು ಬೆಳಿಗ್ಗೆಯಿಂದ ಯಾರೂ ಆಡಲಿಲ್ಲ,” ಎಂದರು ಮೇಡಂ. “ಅದಿರಲಿ, ನಿಮ್ಮ ಬೆನ್ನ ಮೇಲೆ ಅದೇನು?”

ವೈಜನಾಥ ಕೈ ಹಿಂದೆ ಹಾಕಿ ತಡಕಾಡಿದ. ಒಣಗಿದ ಕಣಕದ ಸಮೇತ ಒಂದು ಹಳದಿ ಚೀಟಿ ಪಟ್ಟನೆ ಕಿತ್ತು ಬಂತು. ‘ಪುಟ್ ಅಪ್ ವಿತ್’. ಅಂದರೆ ಬೆಳಿಗ್ಗೆಯಿಂದ ಇಡೀ ನಾಸಿಕ ಓದಿದ್ದು, ಇವನನ್ನು ಸಹಿಸಿಕೊಳ್ಳಿ ಎಂದು. ರದ್ದಿಯವನು, ಯಾತ್ರಿಕ, ಮನೋಜ ಎಲ್ಲರೂ ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದು ಹೋದರು. ಅವನ ನುಣ್ಣನೆಯ ಗಲ್ಲ ಕೆಂಪಾಯಿತು.

ಅವಮಾನ ಮುಚ್ಚಿಕೊಳ್ಳಲು ಚೀಟಿಯ ಪದ್ಧತಿಯನ್ನೇ ವಿವರಿಸಿಬಿಟ್ಟ. ಗಂಡ, ಹೆಂಡತಿ, ಬೀಗರು, ಕೂಸು, ಮಂಚ, ಯಾವುದನ್ನೂ ಬಿಡಲಿಲ್ಲ. ಮೇಡಂ ಬರೆದುಕೊಂಡರು. ಪಕ್ಕದ ಇಬ್ಬರೂ ಬರೆದುಕೊಂಡರು. ಮೂವರೂ ತಲೆ ಕೂಡಿಸಿ ಪಿಸುಗುಟ್ಟಿದರು.

“ಅಭಿನಂದನೆ. ನೀವು ಪಾಸು. ಇವತ್ತಿನಿಂದ ಸೂಪರ್‌ವೈಸರ್.”

ವೈಜನಾಥನಿಗೆ ಕುರ್ಚಿಯಲ್ಲಿ ಕೂತೇ ಕುಣಿಯುವಂತಾಯಿತು. “ನಾಸಿಕದಲ್ಲಿ, ಮೇಡಂ?”

“ಬೇರೆ ಪಾಸಾದವರು ನಾಸಿಕದಲ್ಲಿ,” ಎಂದರು ಮೇಡಂ ಪ್ರೀತಿಯಿಂದ. “ಸಂಭಾಜಿನಗರಕ್ಕೆ ನಲವತ್ತು ಜನ ಇಂಗ್ಲಿಷ್ ಬಾರದವರನ್ನು ಕಳಿಸುತ್ತಿದ್ದೇವೆ. ಹೊಸ ಯಂತ್ರದ ಪುಸ್ತಕವೆಲ್ಲ ಇಂಗ್ಲಿಷಿನಲ್ಲಿ. ಅವರಿಗೆ ಕಲಿಸುವವರು ಯಾರು ಎಂದು ಒಂದು ತಿಂಗಳಿಂದ ಚಿಂತೆಯಾಗಿತ್ತು. ನಿಮ್ಮ ಹಾಗೆ ಕಲಿಸುವವರು ಎಲ್ಲಿ ಸಿಗುತ್ತಾರೆ? ಎರಡು ವರ್ಷ. ಒಂದನೇ ತಾರೀಖಿನಿಂದ.”

“ಮೇಡಂ... ಫೇಲಾಗಿದ್ದರೆ?”

“ಆಗಲೂ ಅಲ್ಲಿಗೇ. ಆದರೆ ಕಲಿಯುವವರ ಸಾಲಿನಲ್ಲಿ!” ಎಂದು ಮೇಡಂ ನಕ್ಕರು.

ಸಂಜೆ ಮನೆಯಲ್ಲಿ ಹಬ್ಬ. ಸುಭದ್ರಾ ಕುಕ್ಕರ್ ತಂದುಕೊಟ್ಟರು. ಪಾತ್ರೆಯನ್ನು ಬರಿದೇ ಹಿಂದಿರುಗಿಸಬಾರದಲ್ಲ, ಅದರ ತುಂಬ ಕೇಸರಿಬಾತು. “ಲೇಬಲ್ ನೋಡಿ ನಾನು ಕೊಟ್ಟಿದ್ದಕ್ಕೇ ಇವರಿಗೆ ಪ್ರಮೋಷನ್ ಆಯ್ತು,” ಎಂದು ಬಾಲಕೃಷ್ಣರು ಮೊದಲನೆಯ ತಟ್ಟೆ ತಾವೇ ಬಡಿಸಿಕೊಂಡರು.

ನಾಗಮ್ಮನ ಸಂತೋಷಕ್ಕೆ ಮಿತಿಯಿರಲಿಲ್ಲ. “ಅಣ್ಣಗ ಫೋನ್ ಮಾಡಿ ಹೇಳೀನ್ರಿ. ಕೋಣಿ ತಯಾರ ಅದ ಅಂದ. ಅನೂನ ಕಾಲೇಜು ಮುಗಿಯೂತನಕಾ ನಾನೂ ಆಕಿನೂ ಇಲ್ಲೇ ಇರ್ತೀವಿ. ನೀವು, ಅಣ್ಣ ಇಬ್ಬರ ಅರಾಮ ಇರ್ರಿ ಅಲ್ಲಿ!”

ಅನ್ನುವಷ್ಟರಲ್ಲಿ ಅವಳ ಕೈಯ ಫೋನು ಮೊಳಗಿತು. ಅವಳು ಸ್ಪೀಕರ್ ಒತ್ತಿದಳು. “ವೈಜನಾಥರೇ! ಭಾಳ ಖುಷಿ ಆತ್ರಿ. ಎರಡು ವರ್ಷ ಅಂದ್ರ ಈ ಸಲ ಕತಿ ಸಾವಕಾಶ ಹೇಳತೀನಿ. ನಾ ಸಿಲ್ಲೋಡಿಗೆ ಬಂದಾಗ ಕಾಲಾಗ...”

“ಚಪ್ಪಲ್ ಇರಲಿಲ್ರಿ,” ಎಂದ ವೈಜನಾಥ.

“ಹಾಂ! ನೆನಪದ ನೋಡ್ರಿ ನಿಮಗ!”

ಅನುರಾಧಾ ಅಪ್ಪನ ಅಂಗಿಯನ್ನು ಒಗೆಯಲು ಹಾಕುವ ಮುನ್ನ ಕಿಸೆ ನೋಡಿದಳು. ಕಣಕ ಮೆತ್ತಿದ ಹಳದಿ ಚೀಟಿ ಸಿಕ್ಕಿತು. “ಪಪ್ಪಾ, ಇದೊಂದು ಕಡೀತನಕಾ ಎಲ್ಲೂ ಹಚ್ಚಲಿಲ್ಲ ನೀವು. ಒಗದು ಬಿಡ್ಲಾ?”

ವೈಜನಾಥ ಅದನ್ನು ಇಸಿದುಕೊಂಡ. ತೊಡೆಯ ಮೇಲಿಟ್ಟು ಸುಕ್ಕು ಬಿಡಿಸಿದ. ಒಂದು ವಾರ ಮನೆಯೆಲ್ಲ ತಿರುಗಿದರೂ ಜಾಗ ಸಿಗದ ಚೀಟಿ.

“ಬ್ಯಾಡವ್ವ. ಇದರ ವಸ್ತು ಕಡೀಕ ಬರ್ತದ ಅಂತ ನೀನ ಹೇಳಿದ್ದಿ, ಖರೇ ಆತು.” ಪಾತ್ರೆ ತೊಳೆಯುತ್ತಿದ್ದ ರಾಧಾಬಾಯಿಯ ಕಡೆ ತಿರುಗಿ, ಶಿವಕಾಂತನ ಕತೆ ಇನ್ನೂ ನಡೆದಿದ್ದ ಫೋನಿಗೆ ಕೇಳದ ಹಾಗೆ ದನಿ ಇಳಿಸಿದ. “ರಾಧಾಬಾಯಿ, ನಾ ಹೊರಡೋ ದಿನ ಒಂದು ಉಂಡಿ ಕಣಕ ಕಟ್ಟಿ ಕೊಡು. ಅಂಗಿಗೆ ಹಚ್ಚಿದ್ದಿಯಲ್ಲ, ಅಷ್ಟ ಗಟ್ಟಿ ಇರಬೇಕು. ಈ ಸಲ ಹಚ್ಚಿದ್ದು ಎರಡು ವರ್ಷ ಉದುರಬಾರದು.”